ಗೀಜಗ ಅರ್ಧಕ್ಕೇ ಬಿಟ್ಟ ಸ್ವರ್ಗ

ಲೋಕ ಆಗಷ್ಟೇ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಇನ್ನೂ ಒದ್ದೊದ್ದೆಯಾಗಿದ್ದ ಕಾಲ. ಬೆಟ್ಟಗಳು ತಮಗೆ ಹಿಡಿಸಿದ ಜಾಗ ಹುಡುಕಿಕೊಂಡು ಅತ್ತಿತ್ತ ಸರಿದಾಡುತ್ತಿದ್ದವು. ಹೊಳೆಗೆ ದಾರಿ ಗೊತ್ತಿರಲಿಲ್ಲ, ಕಂಡಕಂಡವರನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿಗೆ, ನೀರಿಗೆ, ಇರುವೆಗೆ, ಎಮ್ಮೆಗೆ ಎಲ್ಲರಿಗೂ ಒಂದೇ ಭಾಷೆ. ಯಾರು ಯಾರ ಜೊತೆ ಬೇಕಾದರೂ ಮಾತಾಡಬಹುದಿತ್ತು. ತೊಂದರೆ ಶುರುವಾದದ್ದೇ ಅದರಿಂದ.

ಆ ಕಾಲದಲ್ಲಿ ಒಂದು ಕೆರೆ ಇತ್ತು. ಕೆರೆಯ ಮೇಲೆ ಬಾಗಿದ ಒಂದು ಈಚಲು ಮರ ಇತ್ತು. ಆ ಮರದಲ್ಲಿ ಹೊಂಬಯ್ಯ ಎನ್ನುವ ಗೀಜಗ ಹಕ್ಕಿ ತನ್ನ ತಾಯಿ ಕೆಂಚವ್ವನ ಜೊತೆ ಇದ್ದ.

ಹೊಂಬಯ್ಯನ ನೆತ್ತಿ ಅರಿಸಿನ ಮೆತ್ತಿದ ಹಾಗೆ ಹಳದಿ. ಕೆಂಚವ್ವ ಒಣಹುಲ್ಲಿನ ಬಣ್ಣದವಳು. ಹೆಣೆಯುವ ಕೆಲಸದಲ್ಲಿ ಹೊಂಬಯ್ಯನನ್ನು ಮೀರಿಸುವವರು ಇರಲಿಲ್ಲ. ಹುಲ್ಲಿನ ಗರಿಯ ಬುಡಕ್ಕೆ ಕೊಕ್ಕಿನಿಂದ ಒಂದು ಕಚ್ಚು ಹಾಕಿ, ಅದನ್ನು ಹಿಡಿದು ಹಾರಿದನೆಂದರೆ ಸರ್ರನೆ ದಾರದಂಥ ಎಳೆ ಬರುತ್ತಿತ್ತು. ಆ ಎಳೆಯನ್ನು ಹೊಗಿಸಿ, ಎಳೆದು, ಗಂಟು ಹಾಕಿದರೆ ಮಳೆಯೂ ಒಳಗೆ ಬರುತ್ತಿರಲಿಲ್ಲ.

ಒಂದು ಸಂಜೆ ಕೆಂಚವ್ವ ಕೊಂಬೆಯ ಮೇಲೆ ಕೂತು ಕೆರೆ ನೋಡುತ್ತಿದ್ದಳು. ಅವಳಿಗೆ ವಯಸ್ಸಾಗಿತ್ತು. ರೆಕ್ಕೆಯ ಗರಿಗಳು ಒಂದೊಂದಾಗಿ ಉದುರಿದರೆ ಮತ್ತೆ ಹುಟ್ಟುತ್ತಿರಲಿಲ್ಲ.

"ಮಗಾ," ಎಂದಳು, "ನಾನು ಹೋದ ಮೇಲೆ ಎಲ್ಲಿ ಕೂತ್ಕೊಳ್ಳೋದು?"

"ಎಲ್ಲಿಗವ್ವಾ ಹೋಗ್ತೀಯ?"

"ಅದನ್ನೇ ಕಣೋ ನಾನೂ ಕೇಳ್ತಿರೋದು."

ಅಲ್ಲಿಯವರೆಗೂ ಜೀವಗಳು ಹೋಗುತ್ತಿದ್ದವು, ಆದರೆ ಹೋದವರು ಎಲ್ಲಿ ಹೋದರು ಎಂದು ಯಾರೂ ವಿಚಾರಿಸಿರಲಿಲ್ಲ. ಮೇಯುವುದು, ಮರಿ ಸಾಕುವುದು, ಬೆಟ್ಟ ಬಂದರೆ ದಾರಿ ಬಿಡುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಆದರೆ ತಾಯಿ ಕೂರಲು ಜಾಗವಿಲ್ಲ ಎಂದರೆ ಯಾವ ಮಗ ಸುಮ್ಮನಿರುತ್ತಾನೆ? ಹೊಂಬಯ್ಯ ಗಾಳಿಯನ್ನು ಕರೆದ.

"ಗಾಳಿಯಕ್ಕಾ, ನೀನು ಎಲ್ಲಾ ಕಡೆ ಸುತ್ತೋಳು. ಹೋದೋರು ಕೂರೋ ಜಾಗ ಎಲ್ಲೈತೆ?"

"ನಾನಂತೂ ಕಾಣೆ," ಎಂದಿತು ಗಾಳಿ. "ಇರು, ಆಕಾಶಪ್ಪನ್ನ ಕೇಳ್ಕೊಂಡು ಬರ್ತೀನಿ."

ಆಕಾಶಪ್ಪ ಮಲಗಿದ್ದ. ಅವನು ಮಲಗಿರುವುದೇ ಹೆಚ್ಚು. ಗಾಳಿ ಎಬ್ಬಿಸಿದ್ದಕ್ಕೆ ಗೊಣಗಿಕೊಂಡು ಕೆಳಗೆ ಬಗ್ಗಿ ನೋಡಿದ.

"ಜಾಗಾನಾ? ಇದುವರೆಗೂ ಯಾರೂ ಕೇಳಿರ್ಲಿಲ್ಲವಲ್ಲಪ್ಪಾ! ನಾನು ಮಾಡಿಟ್ಟಿಲ್ಲ. ಬೇಕಾದ್ರೆ ನೀನೇ ಹೆಣೆದು ಕೊಡು. ನನ್ನ ಹತ್ರ ಒಂದು ಬೆಳ್ಳಿ ಕೊಕ್ಕೆ ಐತೆ, ಅದಕ್ಕೆ ನೇತು ಹಾಕ್ತೀನಿ. ಆದ್ರೆ ಕೊಕ್ಕೆ ಒಂದೇ, ಗೂಡೂ ಒಂದೇ. ಎಲ್ಲಾ ಜೀವಕ್ಕೂ ಅದೇ ಸ್ವರ್ಗ. ಇದು ಸರಿ ಇಲ್ಲ ಅದು ಸರಿ ಇಲ್ಲ ಅಂತ ಆಮೇಲೆ ಬಂದು ನನ್ನ ಪ್ರಾಣ ತಿನ್ಬಾರ್ದು. ಎಲ್ಲಾರನ್ನೂ ಕೇಳು. ಎಲ್ಲಾರೂ ಹೂಂ ಅಂದ ಮೇಲೆ ನನ್ನ ಕರಿ."

ಇಷ್ಟು ಹೇಳಿ ಆಕಾಶಪ್ಪ ಮಗ್ಗುಲು ಬದಲಾಯಿಸಿದ.

ಎಲ್ಲರನ್ನೂ ಕೇಳುವುದು! ಎಷ್ಟು ಸುಲಭವಾಗಿ ಹೇಳಿಬಿಟ್ಟ ನೋಡು. ಹೇಳುವವರಿಗೇನು, ಹೇಳಿ ಮಲಗುತ್ತಾರೆ.

ಹೊಂಬಯ್ಯ ಬೆಳಗಾಗುತ್ತಲೇ ಕೆಲಸಕ್ಕೆ ಇಳಿದ. ಈಚಲು ಗರಿಯ ತುದಿಗೆ ಗಂಟು ಹಾಕಿದ. ಗಂಟಿನಿಂದ ಒಂದು ಬಳೆ ಇಳಿಸಿದ. ಬಳೆಯ ಮೇಲೆ ಸೂರಿನ ಹಾಗೆ ಮಾಡು ಎತ್ತಿದ. ಬಳೆಯ ಕೆಳಗಡೆ, ಈ ಕಡೆಯಿಂದ ಆ ಕಡೆಗೆ, ಒಂದು ಗಟ್ಟಿ ಅಡ್ಡಪಟ್ಟಿ ಹೆಣೆದ. ಮೇಲೆ ಮಾಡು, ನಡುವೆ ಪಟ್ಟಿ, ಪೂರ್ವಕ್ಕೊಂದು ಬಾಯಿ, ಪಶ್ಚಿಮಕ್ಕೊಂದು ಬಾಯಿ. ಬಿಸಿಲು ಇಳಿಯುವ ಹೊತ್ತಿಗೆ ಗೂಡು ಅರ್ಧ ಆಗಿತ್ತು.

ಕೊಂಬೆಯ ಮೇಲಿಂದ ಕೆಂಚವ್ವ ನೋಡುತ್ತಲೇ ಇದ್ದಳು.

"ಮಗಾ, ಬಾ ಇಲ್ಲಿ. ಒಂದು ಮಾತು."

"ಇರವ್ವಾ, ಇನ್ನೊಂದೇ ಒಂದು ಎಳೆ," ಎಂದ ಹೊಂಬಯ್ಯ. "ಎಲ್ಲಾರನ್ನೂ ಕೇಳ್ಕೊಂಡು ಬಂದುಬಿಡ್ತೀನಿ."

ಮೊದಲು ಎಮ್ಮೆಯ ಹತ್ತಿರ ಹೋದ. ಎಮ್ಮೆ ಕೆರೆಯ ಅಂಚಿನ ಕೆಸರಿನಲ್ಲಿ ಮೂಗು ಮಾತ್ರ ಹೊರಗಿಟ್ಟು ಮಲಗಿತ್ತು.

"ಎಮ್ಮಕ್ಕಾ, ಸ್ವರ್ಗ ಹೆಣೀತಿದ್ದೀನಿ. ನಿನಗೆ ಅಲ್ಲಿ ಏನಿರ್ಬೇಕು?"

"ಕೆಸರು," ಎಂದಿತು ಎಮ್ಮೆ.

"ಮತ್ತೆ?"

"ಕೆಸರು. ಕುತ್ತಿಗೆ ಮಟ್ಟ. ಯಾರೂ ಬಂದು ಏಳು ಅನ್ಬಾರ್ದು."

ಎಷ್ಟು ಸುಲಭ ಎಂದುಕೊಂಡ ಹೊಂಬಯ್ಯ. ಕೊಕ್ಕಿನಲ್ಲಿ ಕೆಸರು ಕಚ್ಚಿ ತಂದು ಗೂಡಿನ ಒಳಗೋಡೆಗೆ ಮೆತ್ತಿದ. ಎಮ್ಮೆ ಗೂಡಿನೊಳಗೆ ಹಿಡಿಸುವುದು ಹೇಗೆ ಎಂದು ನಡುವೆ ಕೇಳಬೇಡ ಮಗು. ಆ ಕಾಲದಲ್ಲಿ ಹಿಡಿಸುತ್ತಿತ್ತು.

ಕೆಸರು ಮೆತ್ತಿ ಮುಗಿಯುವ ಮೊದಲೇ ಓತಿಕ್ಯಾತ ಮರ ಹತ್ತಿ ಬಂದು ತಲೆ ಆಡಿಸತೊಡಗಿತು.

"ಏನಿದು? ಕೆಸರಾ? ಸ್ವರ್ಗದಾಗೆ ಕೆಸರಾ? ಥೂ! ಸ್ವರ್ಗ ಅಂದ್ರೆ ಕಾದ ಬಂಡೆ. ಮುಳುಗದೇ ಇರೋ ಸೂರ್ಯ. ಬೆನ್ನು ಚುರುಗುಟ್ಟಬೇಕು, ಹಂಗಿರ್ಬೇಕು."

"ಅದು ಸ್ವರ್ಗ ಅಲ್ಲ, ಬಾಣಲೆ!" ಎಂದು ಕೆಳಗಿನಿಂದ ಎಮ್ಮೆ ಕೂಗಿತು. ಅದು ಅಷ್ಟು ಜೋರಾಗಿ ಮಾತಾಡಿದ್ದನ್ನು ಕೆರೆಯವರು ಯಾರೂ ಕೇಳಿರಲಿಲ್ಲ.

ಹೊಂಬಯ್ಯ ಇಬ್ಬರನ್ನೂ ಸಮಾಧಾನ ಮಾಡಿದ. ಒಂದು ಮಗ್ಗುಲಿಗೆ ಕೆಸರು ಇಟ್ಟ. ಇನ್ನೊಂದು ಮಗ್ಗುಲಿನ ಮಾಡು ಬಿಚ್ಚಿ ಬಿಸಿಲು ಬಿಟ್ಟ. ಬಿಸಿಲಿಗೆ ಕೆಸರು ಒಣಗಿತು. ಎಮ್ಮೆ ಮುಖ ತಿರುಗಿಸಿತು. ಮಾಡು ಹೆಣೆದ. ಓತಿಕ್ಯಾತ ಕೆಂಪಗಾಗಿ ಕತ್ತು ಉಬ್ಬಿಸಿತು. ಮತ್ತೆ ಬಿಚ್ಚಿದ. ಮತ್ತೆ ಹೆಣೆದ. ಕಡೆಗೆ ಬಿಸಿಲು ಇಷ್ಟೇ ಇಷ್ಟು, ಕೆಸರು ಇಷ್ಟೇ ಇಷ್ಟು ಮಾಡಿದ ಮೇಲೆ ಇಬ್ಬರೂ ಗಂಟು ಮುಖ ಹಾಕಿಕೊಂಡೇ ಹೂಂ ಎಂದರು.

"ಮಗಾ, ಒಂದು ಮಾತು," ಎಂದಳು ಕೆಂಚವ್ವ.

"ಇರವ್ವಾ, ಇನ್ನೊಂದೇ ಒಂದು ಎಳೆ."

ಆಮೇಲೆ ಇರುವೆ. ಇರುವೆ ಒಂದು ಕಾಳು ಹೊತ್ತು ಅವಸರದಲ್ಲಿ ಹೋಗುತ್ತಿತ್ತು. ನಿಲ್ಲಲೂ ಇಲ್ಲ. ಹೊಂಬಯ್ಯ ಪಕ್ಕದಲ್ಲೇ ಕುಪ್ಪಳಿಸಿಕೊಂಡು ಹೋಗಿ ಕೇಳಬೇಕಾಯಿತು.

"ಅಲ್ಲಿ ಕೆಲಸ ಏನು?" ಎಂದಿತು ಇರುವೆ.

"ಕೆಲಸ ಇರಲ್ಲ ಕಣಕ್ಕಾ. ಸುಮ್ನೆ ಇರೋದು."

"ಎಷ್ಟು ಹೊತ್ತು?"

"ಯಾವಾಗ್ಲೂ."

ಇರುವೆ ಕಾಳು ಕೆಳಗಿಟ್ಟಿತು. ನೋಡಿದರೆ ಅದರ ಕಣ್ಣಲ್ಲಿ ನೀರು.

"ನಾವೇನು ತಪ್ಪು ಮಾಡಿದ್ವಿ ಅಂತ ಈ ಶಿಕ್ಷೆ?"

ಹೊಂಬಯ್ಯನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಳ್ಳೆಯದು ಮಾಡಲು ಹೊರಟರೆ ಅಳುತ್ತಾರಲ್ಲ! ಇರುವೆಯನ್ನು ಸುಮ್ಮನಾಗಿಸಲು ಗೂಡಿನ ಮೂಲೆಯಲ್ಲಿ ಹುಲ್ಲಿನ ಬೀಜ ಚೆಲ್ಲಿದ. ಅವನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುವುದು, ಆಮೇಲೆ ಆ ಮೂಲೆಯಿಂದ ಈ ಮೂಲೆಗೆ. ಇರುವೆ ಕಣ್ಣೊರೆಸಿಕೊಂಡು ಹೂಂ ಎಂದಿತು. "ಹಂಗಾದ್ರೆ ಸ್ವರ್ಗನೇ," ಎಂದೂ ಹೇಳಿತು.

ಆಮೇಲೆ ಬಂದವರು ಇಲಿ ಮತ್ತು ಬೆಕ್ಕು. ಒಟ್ಟಿಗೆ ಬರಲಿಲ್ಲ. ಇಲಿ ಮುಂದೆ ಓಡಿ ಬಂತು, ಬೆಕ್ಕು ಹಿಂದೆ ಓಡಿ ಬಂತು.

"ಸ್ವರ್ಗದಾಗೆ ಬೆಕ್ಕು ಇರ್ಬಾರ್ದು," ಎಂದಿತು ಇಲಿ, ಕೊಂಬೆಯ ತುದಿಯಲ್ಲಿ ಏದುಸಿರು ಬಿಡುತ್ತಾ.

"ಸ್ವರ್ಗದಾಗೆ ಇಲಿ ಇರ್ಲೇಬೇಕು," ಎಂದಿತು ಬೆಕ್ಕು, ಬುಡದಲ್ಲಿ ಕೂತು ಮೀಸೆ ನೆಕ್ಕುತ್ತಾ.

"ಇಲಿ ಇರ್ಲಿ ಬೆಕ್ಕಣ್ಣಾ. ಆದ್ರೆ ಸ್ವರ್ಗ ನೋಡು, ಅಲ್ಲಿ ತಿನ್ನೋ ಹಾಗಿಲ್ಲ."

"ಮತ್ತೆ ಯಾತಕ್ಕೆ ಇಟ್ಟಿದ್ದೀಯ? ಮುಖ ನೋಡಕ್ಕಾ?"

ಮಾತಿಗೆ ಮಾತು ಬೆಳೆಯಿತು. ಇಲಿ ಕಿರುಚಿತು, ಬೆಕ್ಕು ಉಗುರು ತೆಗೆಯಿತು. ಹೊಂಬಯ್ಯ ನಡುವೆ ನಿಂತು ಇಬ್ಬರ ಕಡೆಗೂ ರೆಕ್ಕೆ ಚಾಚಿ ಸುಸ್ತಾದ. ಕಡೆಗೆ ಇಲಿ, "ಹೋಗ್ಲಿ, ಆ ಪೂರ್ವದ ಬಾಯಿನಾದ್ರೂ ಮುಚ್ಚಿಬಿಡು, ಇವನು ಅಲ್ಲಿಂದ್ಲೇ ನುಗ್ಗೋದು," ಎಂದಿತು.

ಬೆಕ್ಕು ಯೋಚಿಸಿ, "ಹೂಂ, ಮುಚ್ಚು," ಎಂದಿತು. "ಇವರು ತಪ್ಪಿಸ್ಕೊಳ್ಳೋದು ಅಲ್ಲಿಂದ್ಲೇ."

ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಹೊಂಬಯ್ಯನಿಗೆ ಎಷ್ಟು ಖುಷಿಯಾಯಿತೆಂದರೆ ಹಿಂದೆ ಮುಂದೆ ನೋಡದೆ ಎಳೆ ತಂದು ಪೂರ್ವದ ಬಾಯಿ ಮುಚ್ಚಿಬಿಟ್ಟ.

"ಮಗಾ," ಎಂದಳು ಕೆಂಚವ್ವ. ಈ ಸಲ ದನಿ ಸಣ್ಣಗಿತ್ತು.

"ಇರವ್ವಾ! ಇನ್ನೊಂದೇ ಒಂದು ಎಳೆ ಅಂದ್ನಲ್ಲಾ!" ಎಂದ ಹೊಂಬಯ್ಯ. ಇಷ್ಟು ಹೊತ್ತೂ ಊರಿನವರ ಮೇಲೆ ತೋರಿಸಲಾಗದ ಸಿಟ್ಟು ತಾಯಿಯ ಮೇಲೆ ಹೋಯಿತು. ಹೋಗುವುದು ಅಲ್ಲಿಗೇ ತಾನೆ.

ಗಾಳಿ ಬಂದು ಕಿವಿಯಲ್ಲಿ ಹೇಳಿತು. "ಹೊಂಬಯ್ಯಾ, ನಿಮ್ಮವ್ವ ಇವತ್ತು ಕೊಂಬೆ ಬಿಟ್ಟು ಏಳ್ಲಿಲ್ಲ. ನೀರಿಗೂ ಇಳೀಲಿಲ್ಲ."

"ಮತ್ತೆ ನಾನು ಯಾರಿಗೋಸ್ಕರ ಸಾಯ್ತಿದ್ದೀನಿ ಗಾಳಿಯಕ್ಕಾ? ಅವಳಿಗೋಸ್ಕರ ತಾನೇ? ಇದು ಮುಗೀದೆ ಇದ್ರೆ ಅವಳು ಎಲ್ಲಿ ಕೂರ್ತಾಳೆ?"

ಅದೂ ನಿಜವೇ ಆಗಿತ್ತು. ಗಾಳಿ ಕೆಂಚವ್ವನ ಕೊಂಬೆಯ ಕಡೆಗೆ ಹೋಯಿತು.

ಇನ್ನು ಕೊಕ್ಕರೆ. ಕೊಕ್ಕರೆ ನೀರಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಹೊಂಬಯ್ಯ ಕೇಳಿದ್ದಕ್ಕೆ ಬಹಳ ಹೊತ್ತು ಉತ್ತರ ಬರಲಿಲ್ಲ. ಬಂದಾಗ ಬಹಳ ನಿಧಾನವಾಗಿ ಬಂತು.

"ಸ್ವರ್ಗದಲ್ಲಿ ಏನೂ ಇರಬಾರದು. ಕೆಸರು, ಬಿಸಿಲು, ಬೀಜ, ಎಂಥ ಸಣ್ಣ ಆಸೆಗಳಪ್ಪಾ ಇವು! ಬೇಕು ಅನ್ನುವುದೇ ಇಲ್ಲದ ಜಾಗ ಸ್ವರ್ಗ."

ಹೊಂಬಯ್ಯನಿಗೆ ನೆಮ್ಮದಿಯಾಯಿತು. ಅಬ್ಬಾ, ಏನೂ ಬೇಡ ಎನ್ನುವವರು ಒಬ್ಬರಾದರೂ ಸಿಕ್ಕರಲ್ಲ!

"ಹಂಗಾದ್ರೆ ಮೀನೂ ಬೇಡವಾ ಸ್ವಾಮೀ?"

ಕೊಕ್ಕರೆಯ ಕಣ್ಣು ಪೂರ್ತಿ ತೆರೆಯಿತು. "ಮೀನು ಬೇರೆ ವಿಷಯ," ಎಂದಿತು. ಆಮೇಲೆ ಮತ್ತೆ ಕಣ್ಣು ಅರ್ಧ ಮುಚ್ಚಿ, "ಪಶ್ಚಿಮದ ಬಾಯಿ ಮುಚ್ಚಿಬಿಡು. ಅಲ್ಲಿಂದ ಊರಿನ ಗಲಾಟೆ ಒಳಗೆ ಬರುತ್ತೆ. ಗಲಾಟೆಯಲ್ಲಿ ಶಾಂತಿ ಎಲ್ಲಿ?" ಎಂದಿತು.

ಪಶ್ಚಿಮದ ಬಾಯಿಯನ್ನೂ ಮುಚ್ಚಿದ. ಹೊರಗೆ ಬರಲು ತನಗೆಂದು ಬುಡದಲ್ಲಿ ಒಂದು ಸಣ್ಣ ಸಂದು ಮಾತ್ರ ಉಳಿಸಿಕೊಂಡ.

ಉಳಿದವರು ಇಬ್ಬರು, ಆಮೆ ಮತ್ತು ಈಚಲು ಹುಳ. ಮೊದಲ ಮಳೆಗೆ ಹುತ್ತದಿಂದ ಎದ್ದು ಒಂದು ಸಂಜೆ ಹಾರಿ ರೆಕ್ಕೆ ಕಳಚಿಕೊಂಡು ಮುಗಿದುಹೋಗುತ್ತದಲ್ಲ, ಆ ಹುಳ. ಇವರಿಗೆ ಸ್ವರ್ಗದಲ್ಲಿ ಏನಿರಬೇಕು ಎನ್ನುವ ಚಿಂತೆಯೇ ಇರಲಿಲ್ಲ. ಎಷ್ಟು ಕಾಲ ಇರಬೇಕು ಎನ್ನುವುದರ ಮೇಲೆ ಜಗಳ.

"ಯಾವತ್ತೂ ಅಂತೀಯಲ್ಲ," ಎಂದಿತು ಆಮೆ, "ಯಾವತ್ತೂ ಅಂದ್ರೆ ಎಷ್ಟು? ಈ ಕೆರೆ ಬತ್ತೋವರ್ಗಾ? ಆ ಬೆಟ್ಟ ಸವೆಯೋವರ್ಗಾ? ಅಷ್ಟು ಚೂರುಪಾರು ಆದ್ರೆ ನಾನು ಬರಲ್ಲಪ್ಪ. ಕೂತು ಮೈ ಬಿಸಿ ಆಗೋಷ್ಟರಲ್ಲಿ ಏಳು ಅಂದ್ರೆ ಹೆಂಗೆ?"

"ಒಂದು ಸಂಜೆ ಸಾಕು!" ಎಂದಿತು ಈಚಲು ಹುಳ. ಅದಕ್ಕೆ ನಿಂತು ಮಾತಾಡುವ ಪುರುಸೊತ್ತು ಇರಲಿಲ್ಲ. "ಒಂದು ಪೂರ್ತಿ ಸಂಜೆ! ಮಳೆ ನಿಂತಿರ್ಬೇಕು, ಬೆಳಕು ಇರ್ಬೇಕು. ಎರಡು ಸಂಜೆ ಅಂದ್ರೆ ಏನು ಮಾಡೋದು ಅಷ್ಟೊಂದು ಹೊತ್ತು?"

"ಒಂದು ಸಂಜೆ! ಒಂದು ಸಂಜೆಗೆ ನಾನು ಕತ್ತು ಹೊರಗೆ ಹಾಕಿರಲ್ಲ."

"ನೀನು ಕತ್ತು ಹಾಕೋಷ್ಟರಲ್ಲಿ ನಮ್ಮ ವಂಶನೇ ಮುಗಿದಿರ್ತದೆ."

ಹೊಂಬಯ್ಯ ಇಬ್ಬರ ಕಾಲಿಗೂ ಬಿದ್ದ. ಹುಳಕ್ಕೆ ಕಾಲೆಲ್ಲಿದೆ ಎಂದು ಹುಡುಕಿ ಬಿದ್ದ. ಕಡೆಗೆ ಆಮೆ ಬಹಳ ಯೋಚನೆ ಮಾಡಿ ಒಂದು ದಾರಿ ಹೇಳಿತು.

"ಹೊತ್ತು ಒಳಗೆ ಬಂದ್ರೆ ತಾನೇ ಹೊತ್ತು ಹೋಗೋದು? ಒಂದು ಸಂದೂ ಇಲ್ದಂಗೆ ಮುಚ್ಚಿಬಿಡು. ಹಗಲು ಒಳಗೆ ಬರ್ಬಾರ್ದು, ರಾತ್ರಿನೂ ಬರ್ಬಾರ್ದು. ಆಗ ಅವನಿಗೂ ಒಂದೇ ಸಂಜೆ, ನನಗೂ ಯಾವತ್ತೂ."

ಈಚಲು ಹುಳ ಅಷ್ಟರಲ್ಲಿ ರೆಕ್ಕೆ ಕಳಚಿಕೊಳ್ಳುತ್ತಿತ್ತು. "ಹೂಂ ಹೂಂ," ಎಂದು ಹೇಳಿ ಓಡಿತು.

ಹೊಂಬಯ್ಯ ಹೊರಗೆ ನಿಂತುಕೊಂಡು, ಬುಡದ ಸಂದಿಗೆ ಎಳೆ ಹೊಗಿಸಿ ಎಳೆದು ಗಂಟು ಹಾಕಿದ. ಮುಗಿಯಿತು. ಎಲ್ಲರೂ ಹೂಂ ಎಂದಿದ್ದರು. ಗೂಡು ನುಣ್ಣಗೆ ದುಂಡಗೆ ಈಚಲು ಗರಿಯಿಂದ ತೂಗುತ್ತಿತ್ತು. ಒಂದು ಹನಿ ನೀರೂ ಒಳಗೆ ಹೋಗುವ ಹಾಗಿರಲಿಲ್ಲ. ಅಂಥ ಹೆಣಿಗೆಯನ್ನು ಅವನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಹೊಂಬಯ್ಯನ ಕೊಕ್ಕು ಸೀಳಿತ್ತು, ಕಣ್ಣು ಉರಿಯುತ್ತಿತ್ತು, ಆದರೂ ಎದೆ ಉಬ್ಬಿತು.

ಆಕಾಶಪ್ಪನನ್ನು ಕರೆಯುವ ಮೊದಲು ಅವ್ವನಿಗೆ ತೋರಿಸಬೇಕು ಅನ್ನಿಸಿತು.

"ಅವ್ವಾ! ಆಯ್ತು ಬಾ! ಒಳಗೆ ಹೋಗಿ ಕೂತು ನೋಡು!"

ಎಮ್ಮೆ, ಓತಿಕ್ಯಾತ, ಇರುವೆ, ಇಲಿ, ಬೆಕ್ಕು, ಕೊಕ್ಕರೆ, ಆಮೆ ಎಲ್ಲರೂ ನೋಡಲು ಮರದ ಕೆಳಗೆ ಸೇರಿದರು.

ಕೆಂಚವ್ವ ಕೊಂಬೆಯಿಂದ ಎದ್ದಳು. ಏಳುವುದಕ್ಕೇ ಬಹಳ ಹೊತ್ತು ಹಿಡಿಯಿತು. ಉಳಿದ ನಾಲ್ಕು ಗರಿ ಬಡಿದುಕೊಂಡು ಗೂಡಿನ ಹತ್ತಿರ ಬಂದಳು. ಪೂರ್ವದ ಕಡೆ ಹೋದಳು. ಪಶ್ಚಿಮದ ಕಡೆ ಬಂದಳು. ಬುಡಕ್ಕೆ ಇಳಿದಳು. ಮತ್ತೆ ಮೇಲೆ ಏರಿದಳು. ಗೂಡಿನ ಸುತ್ತ ಒಂದು ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು. ರೆಕ್ಕೆ ನಡುಗುತ್ತಿತ್ತು.

"ಬಾಗಿಲೆಲ್ಲಿ ಮಗಾ?" ಎಂದಳು.

ಹೊಂಬಯ್ಯ ಗೂಡು ನೋಡಿದ. ಪೂರ್ವ ನೋಡಿದ, ಪಶ್ಚಿಮ ನೋಡಿದ. ಬಾಗಿಲಿರಲಿಲ್ಲ. ಎಲ್ಲರನ್ನೂ ಕೇಳಿ, ಎಲ್ಲರನ್ನೂ ಒಪ್ಪಿಸಿ, ಯಾರೂ ಒಳಗೆ ಹೋಗಲಾಗದ ಸ್ವರ್ಗ ಹೆಣೆದಿದ್ದ.

"ಪೂರ್ವದ್ದು ಮಾತ್ರ ನಾನು ಮುಚ್ಚು ಅಂದಿದ್ದು," ಎಂದಿತು ಇಲಿ.

"ಪಶ್ಚಿಮದ್ದೊಂದೇ ನಾನು ಹೇಳಿದ್ದು," ಎಂದಿತು ಕೊಕ್ಕರೆ.

"ನಾನು ಹೇಳೋವಾಗ ಬಾಗಿಲೇ ಇರ್ಲಿಲ್ಲ, ಬರೀ ಸಂದು ಇತ್ತು," ಎಂದಿತು ಆಮೆ.

"ಮೇಲುಗಡೆ ತೆಗಿ, ಬಿಸಿಲಾದ್ರೂ ಬರ್ಲಿ," ಎಂದಿತು ಓತಿಕ್ಯಾತ.

"ತೆಗೆದ್ರೆ ಕೆಸರು ಒಣಗ್ತದೆ," ಎಂದಿತು ಎಮ್ಮೆ.

ಮತ್ತೆ ಶುರು! ಅಲ್ಲಿ ಒಂದು ಮುದಿ ಹಕ್ಕಿ ಕೂರಲು ಜಾಗವಿಲ್ಲದೆ ಗಾಳಿಯಲ್ಲಿ ನಡುಗುತ್ತಾ ನಿಂತಿದೆ, ಇಲ್ಲಿ ಇವರು ಕೆಸರು ಬಿಸಿಲು ಎಂದು ಮತ್ತೆ ಶುರು ಮಾಡಿದರು. ಹೇಳುವಾಗ ನನಗೇ ಮೈ ಉರಿಯುತ್ತದೆ, ಇನ್ನು ಹೊಂಬಯ್ಯನಿಗೆ ಹೇಗಾಗಿರಬೇಡ!

"ಸಾಕು!" ಎಂದು ಹೊಂಬಯ್ಯ ಕೂಗಿದ. ಆ ಕೂಗಿಗೆ ಸರಿದಾಡುತ್ತಿದ್ದ ಬೆಟ್ಟವೂ ನಿಂತಿತು. "ಸಾಕು ನಿಮ್ಮ ಕೆಸರು! ಸಾಕು ನಿಮ್ಮ ಬಿಸಿಲು! ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ಬೇಡ. ಬೇಕು ಅಂತ ಒಂದು ಮಾತು ಹೇಳ್ತೀರಾ, ಬೇಡ ಅಂತ ಹತ್ತು ಮಾತು ಹೇಳ್ತೀರಾ. ನಿಮ್ಮನ್ನ ಕೇಳಿದ್ನಲ್ಲ, ನನ್ನ ತಲೆಗಿಷ್ಟು!"

ಗೂಡಿನ ಮೇಲೆ ಹಾರಿ ಬಿದ್ದು ಕಚ್ಚಿ ಎಳೆಯತೊಡಗಿದ. ತಾನೇ ಹಾಕಿದ ಗಂಟುಗಳು, ಅಷ್ಟು ಸುಲಭಕ್ಕೆ ಬಿಚ್ಚುವಂಥವಲ್ಲ. ಕಚ್ಚಿ ಹರಿದ. ಬುಡ ಹರಿದ. ಪೂರ್ವ ಹರಿದ, ಪಶ್ಚಿಮ ಹರಿದ. ಎಳೆಗಳು ಕೆರೆಗೆ ಉದುರಿದವು. ಬೀಜ ಉದುರಿತು. ಕೆಸರು ಮಾತ್ರ ಒಂದಿಷ್ಟು ಒಳಗೋಡೆಗೆ ಹಾಗೇ ಅಂಟಿಕೊಂಡು ಉಳಿಯಿತು. ಹರಿಯುತ್ತಾ ಹರಿಯುತ್ತಾ ಅಡ್ಡಪಟ್ಟಿಯವರೆಗೆ ಬಂದ. ಪಟ್ಟಿಗೂ ಕೊಕ್ಕು ಹಾಕಿದ.

"ಅದನ್ನ ಬಿಡು ಮಗಾ," ಎಂದಳು ಕೆಂಚವ್ವ.

ಹೊಂಬಯ್ಯ ಬಿಟ್ಟ.

ಕೆಂಚವ್ವ ಒಳಗೆ ಬಂದು ಅಡ್ಡಪಟ್ಟಿಯ ಮೇಲೆ ಕೂತಳು. ಕೂತು ಗರಿ ಸರಿ ಮಾಡಿಕೊಂಡಳು. ಮೇಲೆ ಮಾಡು ಇತ್ತು. ಎಡಗಡೆಯಿಂದ ಕೆರೆ ಕಾಣುತ್ತಿತ್ತು, ಬಲಗಡೆಯಿಂದ ಹೊಲ ಕಾಣುತ್ತಿತ್ತು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವಾಗ ಗೂಡು ಮೆಲ್ಲಗೆ ತೂಗಿತು. ತೂಗುವ ಜೋಕಾಲಿಯ ಮೇಲೆ ಕೂತ ಹುಡುಗಿಯ ಹಾಗೆ ಕೆಂಚವ್ವ ಕಾಲಿನಿಂದ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು.

"ಇಷ್ಟೇ ಕಣೋ ನನಗೆ ಬೇಕಾಗಿದ್ದಿದ್ದು," ಎಂದಳು.

ಹೊಂಬಯ್ಯ ಕೊಕ್ಕಿನಲ್ಲಿದ್ದ ಎಳೆಯನ್ನು ಕೆಳಗೆ ಬಿಟ್ಟ.

"ಮೊದಲನೇ ದಿನವೇ ಆಗಿತ್ತಲ್ಲ ಮಗಾ. ಮಾಡು, ಪಟ್ಟಿ, ಎರಡು ಕಡೆ ಬಾಯಿ. ಹೋಗೋರು ಬರೋರು ಕಾಣ್ತಾರೆ, ಗಾಳಿ ಆಡ್ತದೆ. ಅದನ್ನೇ ಹೇಳೋಣ ಅಂತ ಕರೆದೆ."

"ಮತ್ತೆ ಯಾಕವ್ವಾ ಹೇಳ್ಲಿಲ್ಲ?"

"ನೀನು ಇನ್ನೊಂದೇ ಒಂದು ಎಳೆ ಅಂದೆ. ಕಾದೆ."

ಹೊಂಬಯ್ಯ ಪಟ್ಟಿಯ ಮೇಲೆ ತಾಯಿಯ ಪಕ್ಕ ಕೂತು ಅತ್ತ. ಊರನ್ನೆಲ್ಲ ಕೇಳಿದ್ದ. ಹುಳವನ್ನೂ ಬಿಡದೆ ಕೇಳಿದ್ದ. ಇವಳಿಗೋಸ್ಕರ ಹೊರಟು ಇವಳನ್ನು ಮಾತ್ರ ಕೇಳಿರಲಿಲ್ಲ. ಅವಳ ಜೊತೆ ಕೂರಬೇಕಾಗಿದ್ದ ದಿನಗಳನ್ನೆಲ್ಲ ಗೋಡೆ ಮುಚ್ಚುವುದರಲ್ಲಿ ಕಳೆದಿದ್ದ.

"ಎಷ್ಟು ಕಾಲ ಕೂರ್ತೀಯವ್ವಾ ಇಲ್ಲಿ?" ಎಂದ ಸ್ವಲ್ಪ ಹೊತ್ತಿನ ಮೇಲೆ. ಆಮೆಯ ಮಾತು ಇನ್ನೂ ತಲೆಯಲ್ಲಿತ್ತು.

"ಜೋಕಾಲಿ ಮೇಲೆ ಕೂತೋರನ್ನ ಹಂಗೆಲ್ಲ ಕೇಳ್ತಾರೇನೋ," ಎಂದಳು ಕೆಂಚವ್ವ. "ನೀನೂ ಕೂತಿದ್ದೀಯಲ್ಲ, ಸುಮ್ನೆ ಕೂತ್ಕೋ."

ಇಬ್ಬರೂ ಸುಮ್ಮನೆ ಕೂತರು. ಕೆಳಗೆ ಸೇರಿದ್ದವರು ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಹೊರಟರು. ಬೆಕ್ಕು ಕೂಡ ಇಲಿಯನ್ನು ಆ ಹೊತ್ತಿಗೆ ಹಾಗೇ ಬಿಟ್ಟು ಹೋಯಿತು. ಸೂರ್ಯ ಕೆರೆಯ ಆಚೆ ಇಳಿದ. ಗೂಡು ತೂಗುತ್ತಿತ್ತು. ಹೊಂಬಯ್ಯ ತಿರುಗಿ ನೋಡಿದಾಗ ಕೆಂಚವ್ವನ ಕತ್ತು ಅವನ ರೆಕ್ಕೆಯ ಮೇಲೆ ಒರಗಿತ್ತು. ಕಾಲುಗಳು ಪಟ್ಟಿಯನ್ನು ಹಿಡಿದೇ ಇದ್ದವು. ಉಸಿರು ಮಾತ್ರ ಗಾಳಿಯ ಜೊತೆ ಇನ್ನೊಂದು ಕಡೆಯ ಬಾಯಿಯಿಂದ ಹೊರಗೆ ಹೋಗಿತ್ತು.

ಮುಸ್ಸಂಜೆಗೆ ಆಕಾಶಪ್ಪ ಆಕಳಿಸುತ್ತಾ ಬಗ್ಗಿದ. ಕೈಯಲ್ಲಿ ಬೆಳ್ಳಿ ಕೊಕ್ಕೆ ಇತ್ತು.

"ಏನಪ್ಪಾ, ಮುಗೀತಾ?"

"ಇಲ್ಲ," ಎಂದ ಹೊಂಬಯ್ಯ.

"ಎಲ್ಲಾರೂ ಹೂಂ ಅಂದ್ರಾ?"

"ಒಬ್ಬಳು ಅಂದ್ಳು."

"ಅರ್ಧ ಗೂಡು ತಗೊಂಡು ಹೋಗಿ ನಾನೇನು ಮಾಡ್ಲಿ? ಮಿಕ್ಕಿದ್ದು ಹೆಣೆದು ಕೊಡು."

"ಕೊಡಲ್ಲ," ಎಂದ ಹೊಂಬಯ್ಯ. ಅವನಿಗೆ ಈಗ ಆಕಾಶದ ಭಯವೂ ಇರಲಿಲ್ಲ. "ಇದು ನಮ್ಮವ್ವಂದು. ಇಲ್ಲೇ ಇರ್ತದೆ. ಎಮ್ಮೆಗೆ ಬೇಕಾದ್ದು ಎಮ್ಮೆ ನೋಡ್ಕೊಳ್ಳಲಿ, ಕೊಕ್ಕರೆಗೆ ಬೇಕಾದ್ದು ಕೊಕ್ಕರೆ ನೋಡ್ಕೊಳ್ಳಲಿ. ನಿನ್ನ ಕೊಕ್ಕೆಗೆ ಒಂದೇ ಗೂಡು ಅಂದ್ಯಲ್ಲ, ತಪ್ಪೆಲ್ಲಾ ಅಲ್ಲೇ ಶುರುವಾಗಿದ್ದು. ನೀನೂ ಹೋಗಿ ಮಲಕ್ಕೋ."

ಆಕಾಶಪ್ಪ ತಲೆ ಕೆರೆದುಕೊಂಡ. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಬರಿ ಕೊಕ್ಕೆಯನ್ನೇ ಪಡುವಣದಲ್ಲಿ ನೇತು ಹಾಕಿ ಹೋದ. ಅಮಾವಾಸ್ಯೆ ಕಳೆದ ಮೇಲೆ ಸೂರ್ಯ ಮುಳುಗಿದ ಕಡೆ ತೆಳ್ಳಗೆ ಬಾಗಿದ ಬೆಳ್ಳಿಯ ಚೂರು ಕಾಣುತ್ತದಲ್ಲ, ಅದೇ ಆ ಕೊಕ್ಕೆ. ಅದಕ್ಕೆ ಇವತ್ತಿನವರೆಗೂ ಯಾರ ಸ್ವರ್ಗವೂ ನೇತು ಬಿದ್ದಿಲ್ಲ. ಅದಕ್ಕೇ ಎಮ್ಮೆ ಇನ್ನೂ ಕೆಸರಿನಲ್ಲೇ ಸ್ವರ್ಗ ಹುಡುಕುತ್ತದೆ, ಓತಿಕ್ಯಾತ ಬಂಡೆಯ ಮೇಲೆ ಹುಡುಕುತ್ತದೆ. ಎದುರಾದಾಗಲೆಲ್ಲ ಓತಿಕ್ಯಾತ ತಲೆ ಆಡಿಸಿ, ನೀನು ಹೇಳಿದ್ದು ತಪ್ಪು, ನೀನು ಹೇಳಿದ್ದು ತಪ್ಪು ಎನ್ನುತ್ತಲೇ ಇರುತ್ತದೆ.

ಮುಂದಿನ ಮಳೆಗಾಲಕ್ಕೆ ಹೊಂಬಯ್ಯ ಸಂಸಾರ ಹೂಡಲು ಹೊಸ ಗೂಡು ಹೆಣೆಯಲು ಹಿಡಿದ. ಗಂಟು ಹಾಕಿದ, ಬಳೆ ಇಳಿಸಿದ, ಮಾಡು ಎತ್ತಿದ, ಅಡ್ಡಪಟ್ಟಿ ಹೆಣೆದ. ಅಲ್ಲಿಗೆ ನಿಲ್ಲಿಸಿದ. ನಿಲ್ಲಿಸಿ, ಆಚೆ ಮರದಲ್ಲಿದ್ದ ಹೆಣ್ಣು ಗೀಜಗವನ್ನು ರೆಕ್ಕೆ ಬಡಿದು ಕರೆದ. "ಬಾ, ಕೂತು ನೋಡು. ನಿನಗೆ ಹೆಂಗೆ ಬೇಕು ಹೇಳು. ನೀನು ಹೇಳೋವರೆಗೂ ಒಂದು ಎಳೆ ಮುಂದಕ್ಕೆ ಹಾಕಲ್ಲ."

ಅವಳು ಬಂದು ಪಟ್ಟಿಯ ಮೇಲೆ ಕೂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಬೇಡ ಎಂದು ಹಾರಿಹೋದಳು. ಹೊಂಬಯ್ಯ ಸಿಟ್ಟು ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಿವ್ ಚಿವ್ ಎಂದು ಮರ ಹಾರಿಹೋಗುವ ಹಾಗೆ ಬೈದ. ಆದರೆ ಆ ಗೂಡಿಗೆ ಒಂದು ಎಳೆಯನ್ನೂ ಸೇರಿಸಲಿಲ್ಲ. ಅದನ್ನು ಅರ್ಧಕ್ಕೇ ಬಿಟ್ಟು, ಪಕ್ಕದ ಗರಿಗೆ ಹೊಸದಾಗಿ ಗಂಟು ಹಾಕಿದ. ಪಟ್ಟಿ ಹೆಣೆದು ಮತ್ತೆ ಕರೆದ. ಈ ಸಲ ಅವಳು ಕೂತವಳು ಏಳಲಿಲ್ಲ. ಹೂಂ ಎಂದಳು. ಆಮೇಲೆಯೇ ಅವನು ಮೊಟ್ಟೆಗೊಂದು ಕೋಣೆ ಮಾಡಿ, ಕೆಳಕ್ಕೆ ಉದ್ದನೆಯ ಬಾಗಿಲು ಇಳಿಬಿಟ್ಟ. ಬಾಗಿಲನ್ನು ಮಾತ್ರ ಇನ್ನೊಂದು ಸಲ ಮರೆಯಲಿಲ್ಲ.

ಹಾಗಾಗಿ ಮಗು, ಮಳೆಗಾಲದಲ್ಲಿ ಕೆರೆಯ ಮೇಲಿನ ಈಚಲು ಮರದಲ್ಲಿ ಪೂರ್ತಿ ಗೂಡುಗಳ ನಡುವೆ ಮಾಡು ಮತ್ತು ಅಡ್ಡಪಟ್ಟಿ ಮಾತ್ರ ಇರುವ ಅರ್ಧ ಗೂಡುಗಳು ತೂಗುತ್ತಿರುವುದು ಕಂಡರೆ, ಪಾಪ, ಗೀಜಗ ಸೋಮಾರಿ ಎಂದುಕೊಳ್ಳಬೇಡ. ಅವನು ಹೆಣಿಗೆ ನಿಲ್ಲಿಸಿ ಎಲ್ಲೋ ಅಲ್ಲೇ ಕೊಂಬೆಯ ಮೇಲೆ ಕೂತಿರುತ್ತಾನೆ, ಒಳಗೆ ಕೂರಬೇಕಾದವಳು ಬಂದು ಏನು ಹೇಳುತ್ತಾಳೋ ಎಂದು ಕಾಯುತ್ತಾ.